ಗೋಡೆಗೊರಗಿ ಓದುವವರು

ಕಾಸು ಹಾಕಿ ಆಡುವ ಹಳೆಯ ಗೇಮ್ ಮಷಿನ್‌ಗಳನ್ನು ರಿಪೇರಿ ಮಾಡುವುದು ಇವರ ಕಸುಬು. ಆದರೆ ಇವರ ನಿಜವಾದ ಹೆಮ್ಮೆ ಬೇರೆಯೇ ಇತ್ತು. ಆ ಮಷಿನ್‌ಗಳ ಪರದೆಗೆ ಹೆಂಡತಿ ಅಕ್ಷರ ಕಟ್ಟುತ್ತಿದ್ದರು. ಕಂಪ್ಯೂಟರಿನಲ್ಲಿ ಪುಟ್ಟ ಚೌಕಗಳನ್ನು ಒಂದೊಂದಾಗಿ ತುಂಬಿ, ದಪ್ಪಗೆ, ಒಂದಕ್ಕೊಂದು ಒತ್ತಿಕೊಂಡು ನಿಲ್ಲುವ ಅಕ್ಷರ. ಕನ್ನಡದ ಅಕ್ಷರಗಳೋ ಮೈಯೆಲ್ಲ ದುಂಡು, ಚೌಕದಲ್ಲಿ ಕೂರಿಸಲು ಹೋದರೆ ಮಹಾ ಹಟಮಾರಿಗಳು. “ಸ್ವಲ್ಪ ಸರಿದು ಕೂತ್ಕೊಳ್ಳೇ,” ಎಂದು ಆಕೆ ‘ಮ’ವನ್ನೇ ಗದರಿಸುವುದುಂಟು.

ಅಕ್ಷರ ಮುಗಿದ ಮೇಲೆ ಇವರು ಕೋಣೆಯ ಆಚೆ ಗೋಡೆಗೊರಗಿ, ಅಲ್ಲಿಂದ ಓದಿ ಹೇಳಬೇಕು. ತಡವರಿಸಿದರೆ ಅಕ್ಷರ ಕೆಟ್ಟಿತೆಂದೇ ಲೆಕ್ಕ, ಅಳಿಸಿ ಮತ್ತೆ ಮೊದಲಿಂದ. “ನೀವು ಓದಿದ್ರೆ ಊರೇ ಓದಿದ ಹಾಗೆ,” ಎನ್ನುತ್ತಿದ್ದರು ಆಕೆ. ಆ ಮಾತಿಗೆ ಇವರು ಉಬ್ಬುತ್ತಿದ್ದುದನ್ನು ನೋಡಬೇಕಿತ್ತು.

ಮಳೆಗಾಲದ ಹೊತ್ತಿಗೆ ಇವರಿಗೆ ದೂರದ್ದೆಲ್ಲ ಮಸುಕಾಯಿತು. ಕನ್ನಡಕದಿಂದಲೂ ಪ್ರಯೋಜನವಿಲ್ಲ ಎಂದರು ಡಾಕ್ಟರು. ಇವರು ಮನೆಯಲ್ಲಿ ತುಟಿ ಬಿಚ್ಚಲಿಲ್ಲ. ಓದಲಾಗದವನಿಗೆ ಆ ಗೋಡೆಯ ಬಳಿ ಏನು ಕೆಲಸ? ಬೇರೆ ಯಾರನ್ನೋ ಕರೆದು ನಿಲ್ಲಿಸಿದರೆ? ಪುಣ್ಯಕ್ಕೆ, ಕಟ್ಟುವ ಪದವನ್ನು ಗುನುಗುತ್ತಲೇ ಕೈ ಓಡಿಸುವುದು ಆಕೆಯ ಅಭ್ಯಾಸ. ಇವರು ಅದನ್ನು ಕೇಳಿಸಿಕೊಂಡು, ಗೋಡೆಗೊರಗಿ, ಓದಿದವರ ಗತ್ತಿನಲ್ಲಿ ಹೇಳಿಬಿಡುತ್ತಿದ್ದರು. ಬೆಕ್ಕು ಕಣ್ಣು ಮುಚ್ಚಿ ಹಾಲು ಕುಡಿಯಿತು.

ಒಂದು ದಿನ ನೆಗಡಿಯಾಗಿ ಆಕೆಗೆ ಗಂಟಲು ಕಟ್ಟಿತು, ಗುನುಗು ನಿಂತಿತು. ಗೇಮ್ ಅಂಗಡಿಯವನು ‘ಆಟ ಮುಗಿಯಿತು’ ಎಂದು ಬೇಕು ಅಂದದ್ದಷ್ಟೇ ಇವರಿಗೆ ಗೊತ್ತು. ಸೋತವರ ಮನಸ್ಸು ನೋಯಬಾರದೆಂದು ಅವನು ಆಮೇಲೆ ಫೋನ್ ಮಾಡಿ ಪದ ಬದಲಿಸಿದ್ದು ಗೊತ್ತಿಲ್ಲ.

“ಆಟ ಮುಗಿಯಿತು,” ಎಂದರು ಇವರು, ಗಟ್ಟಿಯಾಗಿ.

ಆಕೆ ಏನೋ ಒತ್ತಿದ ಸದ್ದಾಯಿತು. “ಈಗ?” ಎಂದರು ಒಡೆದ ದನಿಯಲ್ಲಿ.

“ಈಗ ಇನ್ನೂ ಚೆನ್ನಾಗಿದೆ. ‘ಟ’ದ ಹೊಟ್ಟೆ ಸರಿಯಾಯ್ತು ನೋಡು.”

“ರೀ, ಪರದೆ ಖಾಲಿ ಇದೆ.”

ಇವರು ಗೋಡೆಗೆ ಇನ್ನಷ್ಟು ಒತ್ತಿ ನಿಂತರು. “ನನ್ನನ್ನ ಇಲ್ಲಿಂದ ಕಳಿಸ್ಬೇಡ ಕಣೇ,” ಎಂದುಬಿಟ್ಟರು.

ಆಕೆ ಎದ್ದು ಬಂದು ಕೈ ಹಿಡಿದರು. ಕರೆದೊಯ್ದು ತನ್ನದೇ ಕುರ್ಚಿಯಲ್ಲಿ ಕೂರಿಸಿ, ಅಳಿಸಿದ್ದನ್ನು ಮತ್ತೆ ತಂದು, ಇವರ ಮೂಗು ಗಾಜಿಗೆ ತಾಗುವಷ್ಟು ಬಗ್ಗಿಸಿದರು. ಆಗ ಚೌಕಗಳು ಒಂದೊಂದಾಗಿ ಕಂಡವು.

“ಮತ್ತೆ… ಆಡಿ,” ಎಂದು ಓದಿದರು. ಎಷ್ಟೋ ತಿಂಗಳ ಮೇಲೆ ನಿಜವಾಗಿ ಓದಿದ್ದು.

“ಹತ್ತಿರದ್ದು ಕಾಣುತ್ತಲ್ಲ, ಸಾಕು. ಇನ್ಮೇಲೆ ಚೌಕ ತುಂಬೋದು ನೀವು. ಗೋಡೆ ಹತ್ರ ನಾನು ನಿಲ್ತೀನಿ.” ಮೌಸನ್ನು ಇವರ ಕೈಗಿಟ್ಟು ಆಕೆ ಆಚೆ ಹೋದರು. ಹೋಗಿ ನಿಂತದ್ದೇ ತಡ, ಶುರುವಾಯಿತು. “ಅಯ್ಯೋ, ‘ತ್ತೆ’ ಅಂಟಿಕೊಂಡಿದೆ. ಒಂದು ಚೌಕ ತೆಗೀರಿ. ಅದಲ್ಲ ರೀ, ಪಕ್ಕದ್ದು! ಎಷ್ಟು ಸಲ ಹೇಳ್ಬೇಕು ನಿಮಗೆ?”

“ಇನ್ನೊಂದ್ಸಲ ಹೇಳು,” ಎಂದರು ಇವರು, ಕಣ್ಣೊರೆಸಿಕೊಳ್ಳುತ್ತ.