ತೊಡೆಯಡಿಯ ಬೆಲ್ಟು

ಆವತಿಯ ಮುನಿರಾಮಯ್ಯ ಬಹುಕಾಲ ಲಾರಿ ಓಡಿಸಿದವನು. ಸೊಂಟ ಹಿಡಿದ ಮೇಲೆ, ಸಾವಿರದ ಒಂಬೈನೂರ ಎಪ್ಪತ್ನಾಲ್ಕರಲ್ಲಿ, ಹೊಸಕೋಟೆಯ ಕೊಳವೆಬಾವಿ ಯೋಜನೆಯೊಂದರಲ್ಲಿ ಜೀಪುಗಳ ಶೆಡ್ಡಿಗೆ ಮೇಸ್ತ್ರಿಯಾದ. ಹೊರದೇಶದ ನೆರವಿನಲ್ಲಿ ಬಂದ ಆ ಜೀಪುಗಳಲ್ಲಿ ಸೀಟಿಗೊಂದು ಬೆಲ್ಟು ಇತ್ತು. ಅದನ್ನು ಹಾಕದೆ ಯಾರೂ ಗೇಟು ದಾಟಕೂಡದು, ನೋಡಿಕೊಳ್ಳುವ ಹೊಣೆ ಮೇಸ್ತ್ರಿಯದು ಎಂದು ಆಫೀಸು ಹೇಳಿತ್ತು.

"ನಾವೇನು ಕಟ್ಟಾಕೋ ದನಾನಾ?" ಎನ್ನುತ್ತಿದ್ದರು ಡ್ರೈವರುಗಳು. ಗೇಟಿನಲ್ಲಿ ಹಾಕಿ, ಕೆರೆ ಏರಿ ದಾಟುತ್ತಲೇ ಬಿಚ್ಚುತ್ತಿದ್ದರು. ಏರಿಯಾಚೆ ಏನಾಗುತ್ತಿದೆಯೆಂದು ಮುನಿರಾಮಯ್ಯ ನೋಡುವುದಾದರೂ ಹೇಗೆ? ಬೈದೂ ಬೈದೂ ಅವನ ಗಂಟಲು ಒಣಗುತ್ತಿತ್ತು. ನಂಬಿಕೆಯಿದ್ದದ್ದು ತಾನೇ ಕೆಲಸ ಕೊಡಿಸಿದ ಬಾಮೈದ ರಾಮಾಂಜಿನಪ್ಪನ ಮೇಲೊಂದೇ. ಹೋಗುವಾಗಲೂ ಬರುವಾಗಲೂ ಅವನ ಎದೆಯ ಮೇಲೆ ಬೆಲ್ಟು ಇದ್ದೇ ಇರುತ್ತಿತ್ತು. "ಅವನ್ನ ನೋಡಿ ಕಲೀರ್ರೋ" ಎಂದು ಮಿಕ್ಕವರಿಗೆ ಹೇಳುತ್ತಿದ್ದ.

ನಂದಗುಡಿಯ ತಿರುವಿನಲ್ಲಿ ರಾಮಾಂಜಿನಪ್ಪನ ಜೀಪು ಪಲ್ಟಿ ಹೊಡೆಯಿತು. ಅವನು ಹೊರಗೆ ಹಾರಿಬಿದ್ದು ತೊಡೆಯ ಮೂಳೆ ಮುರಿದುಕೊಂಡ. ಪಕ್ಕದಲ್ಲಿ ಬೆಲ್ಟು ಹಾಕಿಕೊಂಡು ಕೂತಿದ್ದ ಫಿಟ್ಟರ್ ಲಕ್ಷ್ಮಯ್ಯನಿಗೆ ತರಚುಗಾಯ ಅಷ್ಟೆ. ನಿಜ ಹೇಳಿದವನೂ ಅವನೇ: ರಾಮಾಂಜಿನಪ್ಪ ಬೆಲ್ಟನ್ನು ಎದೆಯ ಮೇಲೆ ಎಳೆದು, ತುದಿಯನ್ನು ತೊಡೆಯಡಿ ಒತ್ತಿಕೊಂಡು ಕೂರುತ್ತಿದ್ದ. ಕೊಂಡಿಗೆ ಒಂದು ದಿನವೂ ಸಿಕ್ಕಿಸಿರಲಿಲ್ಲ.

ಆಸ್ಪತ್ರೆಯಲ್ಲಿ ಮುನಿರಾಮಯ್ಯ ಮಂಚದ ಪಕ್ಕ ಕೂರಲೂ ಇಲ್ಲ.

"ನನ್ನ ಕಣ್ಣಿಗೇ ಮಣ್ಣು ಹಾಕ್ದೇನೋ?"

"ಗಾಡಿ ಕೆರೆಗೆ ಬಿದ್ರೆ ಬಿಚ್ಕೊಳ್ಳಕ್ಕಾಗಲ್ಲ ಅಂತ ಭಯ, ಭಾವ."

"ಅದನ್ನ ಬಾಯ್ಬಿಟ್ಟು ಹೇಳಕ್ಕೇನಾಗಿತ್ತು ನಿಂಗೆ?"

ಮುನಿರಾಮಯ್ಯನ ಹೆಂಡತಿ ರುಕ್ಮಿಣಮ್ಮ ತಮ್ಮನ ಪರ ಅಡ್ಡ ಬಂದಳು. "ಕಾಲು ಮುರ್ಕೊಂಡು ಬಿದ್ದಿರೋನ್ನ ಬೈತೀರಲ್ಲ!"

"ಸತ್ತಿದ್ರೆ ಬೈಯೋಕಾದ್ರೂ ಎಲ್ಲಿ ಸಿಗ್ತಿದ್ದ?"

ಮರುದಿನದಿಂದ ಅವನು ನೋಡಿ ನಂಬುವುದನ್ನೇ ಬಿಟ್ಟ. ಪ್ರತಿ ಬೆಲ್ಟನ್ನೂ ಹಿಡಿದು ಜಗ್ಗಿದ. ಎಂಜಿನಿಯರರ ಬೆಲ್ಟನ್ನು ಜಗ್ಗಿದಾಗ ಅದು ಸಲೀಸಾಗಿ ಕೈಗೆ ಬಂತು.

"ನನ್ನ ಮೈಗೇ ಕೈ ಹಾಕ್ತೀಯೇನಯ್ಯಾ?"

"ಮೈಗಲ್ಲ ಸ್ವಾಮಿ, ಬೆಲ್ಟಿಗೆ. ಸಿಕ್ಕಿಸ್ಕೊಳ್ಳಿ, ಇಲ್ಲಾಂದ್ರೆ ಗೇಟು ತೆಗ್ಯಲ್ಲ."

ಹಿಂದಿನ ಜೀಪುಗಳು ಹಾರನ್ ಹೊಡೆದವು. ಎಂಜಿನಿಯರ್ ಹಲ್ಲು ಕಚ್ಚಿಕೊಂಡು ಸಿಕ್ಕಿಸಿದರು. ಆ ವಾರವೇ ಮುನಿರಾಮಯ್ಯನನ್ನು ರಸ್ತೆಯಾಚೆಯ ಪೈಪುಗಳ ಗೋಡೌನಿಗೆ ಹಾಕಿದರು. ಗೇಟಿಗೆ ಬಂದ ಹೊಸಬ ಕುರ್ಚಿ ಬಿಟ್ಟು ಏಳುತ್ತಿರಲಿಲ್ಲ.

"ತಪ್ಪಾಯ್ತು ಅಂದ್ಬಿಟ್ಟು ವಾಪಸ್ ಬಾ ಗುರು," ಎಂದ ಲಕ್ಷ್ಮಯ್ಯ.

"ಯಾರ ತಪ್ಪಲಾ? ನಂದಾ?"

ಬೆಲ್ಟಿಲ್ಲದ ಜೀಪು ಕಂಡರೆ ಮುನಿರಾಮಯ್ಯ ಗೋಡೌನಿನಿಂದ ರಸ್ತೆಗೇ ಇಳಿದು ಬೈಯುತ್ತಿದ್ದ. ಒಳಗೆ ಕೂತವರು ಯಾರೆಂದು ನೋಡುತ್ತಿರಲಿಲ್ಲ.