ಡೈನಮೋಗೆ ಬಳಿದ ನೀಲಿ ಬಣ್ಣ

ಈ ಬೇಸಿಗೆಗೆ ನಮ್ಮ ಅಕ್ಕನ ಮದುವೆಯಾಗಿ ಐದು ವರ್ಷ. ಮದುವೆಯ ಫೋಟೋಗಳಲ್ಲಿ ಎಲ್ಲರೂ ಚೆಂದ ಕಾಣುತ್ತಾರೆ. ನಾನೊಬ್ಬನೇ ಮುಖದ ತುಂಬ ಮಸಿ ಬಳಿದುಕೊಂಡು, ಹೊಸ ಜುಬ್ಬಾ ಹರಿದುಕೊಂಡು, ಚಪ್ಪಲಿ ಕದ್ದು ಸಿಕ್ಕಿಬಿದ್ದವನ ಹಾಗೆ ಮೂಲೆಯಲ್ಲಿ ನಿಂತಿದ್ದೇನೆ. ಆಲ್ಬಮ್ ನೋಡಿದ ನೆಂಟರೆಲ್ಲ "ಇವ ಯಾರು?" ಎಂದು ಕೇಳುತ್ತಾರೆ. ಅವರಿಗೆ ಹೇಳಿ ಹೇಳಿ ಸಾಕಾಗಿ ಈಗ ಬರೆದೇಬಿಡುತ್ತಿದ್ದೇನೆ.

ನಮ್ಮದು ಬಸವಕಲ್ಯಾಣ. ನಮ್ಮ ಮುತ್ಯಾ, ಅಂದರೆ ಅಪ್ಪನ ಅಪ್ಪ, ಒಂದು ಕಾಲದಲ್ಲಿ ಬಸವಕಲ್ಯಾಣ, ಹುಮನಾಬಾದ್ ನಡುವೆ ಬಾಡಿಗೆ ಅಂಬಾಸಡರ್ ಓಡಿಸುತ್ತಿದ್ದ. ಸುತ್ತಲಿನ ಎಷ್ಟೋ ಊರಿನ ಮದುಮಕ್ಕಳು ಅದೇ ಕಾರಿನಲ್ಲಿ ಬಂದು ಮಂಟಪಕ್ಕೆ ಇಳಿದವರು. ಕಣ್ಣು ಮಂಜಾದ ಮೇಲೆ ಅವನು ಗಾಡಿ ಓಡಿಸುವುದು ಬಿಟ್ಟ. ಆದರೆ ದಿನಾ ಬೆಳಿಗ್ಗೆ ಎಲೆಯಡಿಕೆ ಹಾಕಿಕೊಂಡು ಗಾಡಿಯಲ್ಲಿ ಕೂರುವುದನ್ನು ಬಿಡಲಿಲ್ಲ. ನಾನು ಸಣ್ಣವನಿದ್ದಾಗ ನನ್ನನ್ನು ತೊಡೆಯ ಮೇಲೆ ಕೂರಿಸಿಕೊಂಡು ಚಾವಿ ಅರ್ಧ ತಿರುಗಿಸಿ ನಿಲ್ಲಿಸುತ್ತಿದ್ದ. ಸ್ಟೇರಿಂಗ್ ಹಿಂದೆ ಒಂದು ಪುಟ್ಟ ಕೆಂಪು ದೀಪ ಹತ್ತುತ್ತಿತ್ತು.

"ಹತ್ತಿತೇನು?"

"ಹತ್ತಿತು ಮುತ್ಯಾ."

ಆಮೇಲೆ ಎಂಜಿನ್ ಚಾಲೂ ಮಾಡುತ್ತಿದ್ದ. "ಆರಿತೇನು?"

"ಆರಿತು."

"ಬರೋಬರಿ!"

ಇದು ನನ್ನನ್ನು ಆಡಿಸುವ ಆಟ ಅಂತಲೇ ನಾನು ಮೀಸೆ ಬಂದ ಮೇಲೂ ತಿಳಿದಿದ್ದೆ.

ಅಕ್ಕನ ಮದುವೆ ಹುಮನಾಬಾದಿನ ಕಲ್ಯಾಣ ಮಂಟಪದಲ್ಲಿ ಅಂತ ಗೊತ್ತಾಯಿತು. ಅಪ್ಪ ಹೊಸ ಕಾರು ಗೊತ್ತು ಮಾಡಲು ಹೊರಟ. ಮುತ್ಯಾ ಮಾತ್ರ ಗೋಡೆಯ ಕಡೆ ಮುಖ ಮಾಡಿ ಹೇಳಿದ, "ಮಂದಿ ಮಕ್ಕಳನೆಲ್ಲಾ ಒಯ್ದು ಬಿಟ್ಟೀನಿ. ನನ್ನ ಮೊಮ್ಮಗಳು ಮಂದಿ ಗಾಡ್ಯಾಗ ಹೋಗ್ಬೇಕೇನು?"

"ಆ ಭಂಗಾರ, ಗುಜರಿ ಗಾಡಿ ಹಾದ್ಯಾಗ ನಿಂತ್ರ ಯಾರು ಜವಾಬ್ದಾರಿ?" ಎಂದು ಅಪ್ಪ ರೇಗಿದ.

"ನಾನು!" ಎಂದೆ. ಮೊಬೈಲಿನಲ್ಲಿ ಕಾರು ರಿಪೇರಿಯ ವಿಡಿಯೋ ನೋಡಿ ನೋಡಿ ನಾನಾಗಲೇ ಅರ್ಧ ಮೆಕ್ಯಾನಿಕ್ ಆಗಿದ್ದೆ. ಆಗದೆ ಉಳಿದ ಅರ್ಧವೇ ಮುಖ್ಯವಾದ ಅರ್ಧ ಅಂತ ಆಮೇಲೆ ಗೊತ್ತಾಯಿತು.

ಮದುವೆಗೆಂದು ಮನೆಗೆ ಸುಣ್ಣ ಬಣ್ಣ ಆಗಿತ್ತು. ಬಾಗಿಲಿಗೆ ತಂದ ನೀಲಿ ಆಯಿಲ್ ಪೇಂಟ್ ಅರ್ಧ ಡಬ್ಬಿ ಉಳಿದಿತ್ತು. ಬಾನೆಟ್ ತೆರೆದು ನೋಡಿದರೆ ಒಳಗೆಲ್ಲ ತುಕ್ಕು. ಮದುವೆಯ ಗಾಡಿ ಹೀಗಿದ್ದರೆ ಹೇಗೆ? ಬಳಿದೆ. ಎಂಜಿನ್ ತಿರುಗುವಾಗ ಕರೆಂಟ್ ಹುಟ್ಟಿಸಿ ಬ್ಯಾಟರಿ ತುಂಬುವ ಡೈನಮೋ ಇದೆಯಲ್ಲ, ಅದನ್ನು ಬಿಚ್ಚಿ ಅದಕ್ಕೂ ಬಳಿದೆ. ಅದು ಕೂರುವ ಪಟ್ಟಿಗೆ, ಬೋಲ್ಟಿಗೆ, ನಟ್ಟಿಗೆ, ವಾಶರಿಗೆ ಎರಡೆರಡು ಕೈ. ಅಡ್ಡ ಬಂದ ಒಂದು ಓತಿಕ್ಯಾತ ಸ್ವಲ್ಪದರಲ್ಲಿ ಪಾರಾಯಿತು.

ಮದುವೆಯ ಹಿಂದಿನ ದಿನ ಟ್ರಯಲ್ ನೋಡಲು ಹೋದೆ. ಊರೆಲ್ಲ ಸುತ್ತಿ ಬರುವಾಗ ಕೋಟೆಯ ಮುಂದೆ ಗಾಡಿ ನಿಂತಿತು. ಬ್ಯಾಟರಿ ಪೂರ್ತಿ ಖಾಲಿ. ಅದನ್ನು ಬಿಚ್ಚಿ ಹೆಗಲ ಮೇಲೆ ಹೊತ್ತು ಬ್ಯಾಟರಿ ಅಂಗಡಿಗೆ ಹೋದೆ. ಅಂಗಡಿಯ ಚಾಚಾ, "ಚಾರ್ಜ್ ಮಾಡಿ ಕೊಡ್ತೀನಿ. ಆದ್ರ ಗಾಡೀನೂ ತರ್ರಿ, ಡೈನಮೋ ಜರಾ ನೋಡೋಣು" ಎಂದ.

"ಡೈನಮೋಕ್ಕ ಏನೂ ಆಗಿಲ್ಲ ಚಾಚಾ. ನಾನೇ ಬಣ್ಣ ಹಚ್ಚೀನಿ."

ಚಾಚಾ ನನ್ನ ಮುಖವನ್ನೇ ನೋಡಿದ. ಆಮೇಲೆ ಬ್ಯಾಟರಿ ಚಾರ್ಜಿಗೆ ಹಚ್ಚಿದ.

ಮದುವೆಯ ದಿನ ಮನೆಯವರೆಲ್ಲ ಬಸ್ಸಿನಲ್ಲಿ ಮುಂದೆ ಹೋದರು. ಅಂಬಾಸಡರಿನ ಹಿಂದಿನ ಸೀಟಿನಲ್ಲಿ ಅಕ್ಕ, ನನ್ನ ಪಕ್ಕ ತಲೆಗೆ ಹೊಸ ಪಟಗಾ ಸುತ್ತಿದ ಮುತ್ಯಾ. ಗಾಡಿಗೆ ನಾನು ಲೈಟಿನ ಸರ ಸುತ್ತಿದ್ದೆ, ಡಿಕ್ಕಿಯಲ್ಲಿ ಎಮ್ಮೆಗರುವಿನಷ್ಟು ದೊಡ್ಡ ಸ್ಪೀಕರ್ ಇಟ್ಟಿದ್ದೆ. ಚಾವಿ ತಿರುಗಿಸಿದೆ.

"ಹತ್ತಿತೇನು?" ಎಂದ ಮುತ್ಯಾ.

ಕೆಂಪು ದೀಪ ಹತ್ತಲಿಲ್ಲ. ಕೆಂಪು ದೀಪ ಅಂದರೆ ಅಪಾಯ ತಾನೆ, ಹತ್ತದಿದ್ದರೆ ಒಳ್ಳೆಯದೇ ಆಯಿತಲ್ಲ ಅಂದುಕೊಂಡೆ. ಮುದುಕನ ಸಮಾಧಾನಕ್ಕೆ, "ಹತ್ತಿತು ಮುತ್ಯಾ, ಆರಿತು ಮುತ್ಯಾ" ಎಂದು ಎರಡನ್ನೂ ಒಂದೇ ಉಸಿರಿಗೆ ಹೇಳಿ ಹೊರಟೆ.

ಬಂಗ್ಲಾ ಕ್ರಾಸ್ ದಾಟಿ ಹೈವೇಗೆ ಬಂದಾಗ ನಮ್ಮ ಹಾರ್ನ್ ಕೋಣದ ಹಾಗೆ ಕೂಗುತ್ತಿತ್ತು. ರಾಜೇಶ್ವರ ಊರಿನ ಹತ್ತಿರ ಮೇಕೆಯ ಹಾಗೆ. ಅದನ್ನು ದಾಟಿದ ಮೇಲೆ ಸೊಳ್ಳೆಯ ಹಾಗೆ. ಸ್ಪೀಕರಿನಲ್ಲಿ ಹಾಡುತ್ತಿದ್ದವನಿಗೆ ಜ್ವರ ಬಂದಂತಾಯಿತು. ಆಮೇಲೆ ಎಂಜಿನ್ ಎರಡು ಸಲ ಕೆಮ್ಮಿ ನಿಂತೇಬಿಟ್ಟಿತು. ಹನ್ನೊಂದೂವರೆ. ಅಕ್ಷತೆ ಹನ್ನೆರಡೂವರೆಗೆ.

ಬಾನೆಟ್ ತೆಗೆದೆ. ಅದರ ಕೊಂಡಿಗೆ ಸಿಕ್ಕಿ ಜುಬ್ಬಾ ಪರ್ರನೆ ಹರಿಯಿತು. ಕಂಡ ವೈರನ್ನೆಲ್ಲ ಜಗ್ಗಿದೆ. ಬೆವರು ಒರೆಸಿಕೊಳ್ಳಲು ಹೋಗಿ ಮುಖಕ್ಕೆಲ್ಲ ಮಸಿ ಬಳಿದುಕೊಂಡೆ. ಅಕ್ಕ ಕಿಟಕಿಯಿಂದ ತಲೆ ಹಾಕಿ, "ತಮ್ಮಾ, ಆ ಮಾರಿ ತಗೊಂಡು ಮಂಟಪಕ್ಕ ಬರಬ್ಯಾಡ. ನಮ್ಮ ಅತ್ತಿಮನಿಯವ್ರು ಹೊಳ್ಳಿ ಹೋದಾರು!" ಎಂದಳು. ಆಮೇಲೆ ಮೆಲ್ಲಗೆ, "ಅಪ್ಪಗ ಫೋನ್ ಹಚ್ಚಲೇನು? ಬ್ಯಾರೆ ಗಾಡಿ ಕಳಸ್ತಾನ" ಎಂದಳು.

ಮುತ್ಯಾ ಪಟಗಾ ತೆಗೆದು ತೊಡೆಯ ಮೇಲೆ ಇಟ್ಟುಕೊಂಡ. ಬೈದಿದ್ದರೂ ತಡೆದುಕೊಳ್ಳುತ್ತಿದ್ದೆ. ಅವನು ಪಟಗಾ ತೆಗೆದದ್ದು ನೋಡಲಾಗದೆ ಮತ್ತೆ ಬಾನೆಟ್ಟಿನೊಳಗೆ ತಲೆ ಹಾಕಿದೆ. ಮುತ್ಯಾ ಸೀಟಿನಿಂದಲೇ ಕೇಳಿದ, "ಖರೆ ಹೇಳು. ಮುಂಜಾನಿ ದೀಪ ಹತ್ತಿತ್ತೇನು?"

"ಇಲ್ಲ ಮುತ್ಯಾ."

"ಹಾಂಗಾದ್ರ ಇಳಸು ನನ್ನ."

ಕೈ ಹಿಡಿದು ಇಳಿಸಿದೆ. ಮುತ್ಯಾ ಬಾನೆಟ್ಟಿನ ಒಳಗೆ ಕೈ ಇಟ್ಟು, ಮೊಮ್ಮಕ್ಕಳ ತಲೆ ಸವರುವ ಹಾಗೆ ಒಂದೊಂದನ್ನೇ ಸವರಿದ. ಡೈನಮೋ ಹತ್ತಿರ ಕೈ ನಿಂತಿತು.

"ಇದ್ಯಾಕೋ ಇಷ್ಟು ನುಣ್ಣಗದ?"

"ಬಣ್ಣ ಮುತ್ಯಾ."

"ಯಾವ ಬಣ್ಣ?"

"ನಮ್ಮ ಬಾಗಿಲದ್ದು. ನೀಲಿ."

"ಈ ಪಟ್ಟಿಗೂ?"

"ಹೂಂ."

"ಬೋಲ್ಟಿಗೂ?"

"ಎರಡು ಕೈ."

ಮುತ್ಯಾ ನಗಲು ಶುರು ಮಾಡಿದ. ಕಣ್ಣಲ್ಲಿ ನೀರು ಬರುವಷ್ಟು ನಕ್ಕ. "ಅಲ್ಲೋ ಮಗನ, ಕಬ್ಬಿಣಕ್ಕ ಕಬ್ಬಿಣ ತಾಕಬೇಕು. ಕರೆಂಟು ವೈರಿನಾಗ ಹೋಗಿ, ಗಾಡಿ ಮೈಯಾಗಿಂದ ಹೊಳ್ಳಿ ಬರ್ತದ. ನೀ ಅದರ ಹಾದಿನೇ ಕಟ್ಟಿ ಕುಂತೀದಿ. ಆ ದೀಪ ಹತ್ತಿದ್ರ ಹಾದಿ ಬರೋಬರಿ ಅದ ಅಂತ. ಆರಿದ್ರ ಡೈನಮೋ ದುಡೀಲಾಕತ್ಯಾದ ಅಂತ. ಇಷ್ಟು ವರ್ಷ ನಿನ್ನ ಕೇಳಿದ್ದು ಮತ್ತೇನು?"

ಅವನು ಹೇಳಿದ ಹಾಗೆ ಬೋಲ್ಟ್ ಬಿಚ್ಚಿ ಕೊಟ್ಟೆ. ಮುತ್ಯಾ ಎಲೆಯಡಿಕೆಯ ಚಂಚಿಯಿಂದ ಅಡಿಕೆ ಕತ್ತರಿಸುವ ಅಡಕೊತ್ತು ತೆಗೆದು ಬೋಲ್ಟ್, ಪಟ್ಟಿ, ಡೈನಮೋದಲ್ಲಿ ಬೋಲ್ಟ್ ತೂರುವ ಕಿವಿ ಎಲ್ಲವನ್ನೂ ಹೆರೆದ. ನೀಲಿ ಬಣ್ಣ ಸಿಪ್ಪೆ ಸಿಪ್ಪೆಯಾಗಿ ಉದುರಿ ಬೆಳ್ಳಗೆ ಕಬ್ಬಿಣ ಕಂಡಿತು. ಮತ್ತೆ ಬಿಗಿದೆ. ಸ್ಪೀಕರ್, ಲೈಟಿನ ಸರ ಎಲ್ಲ ಕಿತ್ತೆ. ಚಾವಿ ತಿರುಗಿಸಿದೆ.

"ಹತ್ತಿತೇನು?"

ಬಿಸಿಲಿಗೆ ಕೈ ಅಡ್ಡ ಹಿಡಿದು ಬಗ್ಗಿ ನೋಡಿದೆ. ಗುಂಡುಸೂಜಿಯ ತಲೆಯಷ್ಟು ಕೆಂಪು. "ಹತ್ತಿತು ಮುತ್ಯಾ! ಖರೇನೇ ಹತ್ತಿತು!"

ಬ್ಯಾಟರಿಯಲ್ಲಿ ಉಳಿದದ್ದು ಅಷ್ಟೇ. ಗಾಡಿ ನೂಕಬೇಕಿತ್ತು. ಅಷ್ಟರಲ್ಲಿ ದುಬಲಗುಂಡಿಯಿಂದ ಕೂಲಿಗೆ ಬಂದ ಹೆಂಗಸರ ಟಂಟಂ ಆಟೋ ಒಂದು ಪಕ್ಕದಲ್ಲೇ ನಿಂತಿತು. ಅಕ್ಕ ಸೀರೆ ಎತ್ತಿ ಕಟ್ಟಿ ಇಳಿಯಲು ಹೋದಳು. "ಮದುಮಗಳು ಒಳಗ ಕುಂದ್ರವ್ವಾ, ನಾವಿದ್ದೀವಿ" ಎಂದು ಅವರೆಲ್ಲ ಬಂದು ಕೈ ಹಚ್ಚಿದರು. ಅವರಲ್ಲೊಬ್ಬ ಹಣ್ಣುಗೂದಲಿನವಳು ಮುತ್ಯಾನನ್ನು ಕಂಡು ಗುರುತು ಹಿಡಿದಳು. "ಕಾಕಾ, ನೀವಾ? ನನ್ನ ಲಗ್ನಕ್ಕ ಇದೇ ಗಾಡ್ಯಾಗ ಹೋಗಿದ್ನಿರಿ! ಏ ನೂಕ್ರೇ, ಜೋರಲೇ ನೂಕ್ರಿ!"

ಎಂಜಿನ್ ಗುರ್ ಅಂದಿತು. ಕೆಂಪು ದೀಪ ಆರಿತು. ಮುತ್ಯಾ ಕೇಳುವ ಮೊದಲೇ ಕೂಗಿ ಹೇಳಿದೆ. ಅವನು ಪಟಗಾ ಮತ್ತೆ ಸುತ್ತಿಕೊಂಡ.

ಅಕ್ಷತೆಗೆ ಹತ್ತು ನಿಮಿಷ ಇರುವಾಗ ಮಂಟಪದ ಮುಂದೆ ಗಾಡಿ ನಿಲ್ಲಿಸಿದೆ. ಮುತ್ಯಾ ತಾನೇ ತಡಕಾಡಿ ಹಿಂದಿನ ಬಾಗಿಲು ತೆರೆದು ಮೊಮ್ಮಗಳನ್ನು ಇಳಿಸಿದ. ಅಪ್ಪ ಓಡಿಬಂದು ನನ್ನ ಮುಖ ನೋಡಿ, "ಗಾಡಿ ನಿಂತಿತ್ತೇನು?" ಎಂದು ಗುಡುಗಿದ.

"ನಾನೇ ನಿಲ್ಲಸಂದೆ. ಅಡಿಕಿ ತಿನ್ನೋದಿತ್ತು" ಎಂದ ಮುತ್ಯಾ.

ಅಪ್ಪ ಮುತ್ಯಾನ ಕೈಯಲ್ಲಿದ್ದ ಅಡಕೊತ್ತನ್ನು ನೋಡಿದ. ಅದರ ತುಂಬ ನೀಲಿ ಬಣ್ಣ ಮೆತ್ತಿತ್ತು. ನಮ್ಮ ಮನೆಯ ಬಾಗಿಲಿನ ಬಣ್ಣ ಅಪ್ಪನಿಗೆ ತಿಳಿಯದೇ? ತಿರುಗಿ ಒಳಗೆ ಹೋದ.

ಮುತ್ಯಾ ಹೋಗಿ ಎರಡು ವರ್ಷವಾಯಿತು. ಗಾಡಿಯನ್ನು ಅಪ್ಪ ಭಂಗಾರಕ್ಕೆ ಹಾಕಲಿಲ್ಲ. ಡೈನಮೋದ ಹತ್ತಿರ ಮುತ್ಯಾ ಹೆರೆದ ಜಾಗ ಈಗಲೂ ಬರಿದಾಗಿಯೇ ಇದೆ. ನಾನು ವಾರಕ್ಕೊಮ್ಮೆ ಎಣ್ಣೆ ಬಟ್ಟೆಯಲ್ಲಿ ಒರೆಸುತ್ತೇನೆ. ಬ್ರಶ್ ಹಿಡಿದು ಅತ್ತ ಹಾಯುವುದಿಲ್ಲ. ದಿನಾ ಬೆಳಿಗ್ಗೆ ಗಾಡಿಯಲ್ಲಿ ಕೂತು ಚಾವಿ ಅರ್ಧ ತಿರುಗಿಸಿದರೆ, ಕಟ್ಟೆಯ ಮೇಲೆ ಪೇಪರ್ ಓದುತ್ತಿರುವ ಅಪ್ಪ ತಲೆ ಎತ್ತದೆಯೇ ಕೇಳುತ್ತಾನೆ, "ಹತ್ತಿತೇನೋ?"

ಈಗ ನಾನು ನೋಡಿಯೇ ಹೇಳುತ್ತೇನೆ.