ಬಾವಿ ಹಗ್ಗ ಯಾರ ಕೈಗೆ?

ಪಂಪು ರಿಪೇರಿಯವನನ್ನು ಓಣಿಯವರೆಲ್ಲ ಕರೆಯುವುದು ‘ಪಟಾಕಿ’ ಎಂದೇ. ಕೆಟ್ಟ ಪಂಪಿನ ಮೇಲೂ ಅವನಿಗೆ ಸಿಟ್ಟು, ಅದನ್ನು ಕೆಡಿಸಿಕೊಂಡು ತಂದವರ ಮೇಲೂ ಸಿಟ್ಟು. ಐದನೇ ಕ್ಲಾಸಿಗೆ ಶಾಲೆ ಬಿಟ್ಟದ್ದೂ ಮೇಷ್ಟ್ರ ಮೇಲೆ ಮುನಿಸಿಕೊಂಡೇ. ಆದರೆ ಆ ಭಾನುವಾರ, ತಲೆ ಬಾಚಿಕೊಳ್ಳಲು ಬಲಗೈ ಎತ್ತಲಾಗದೆ ಹೆಂಡತಿ ಬಾಚಣಿಗೆಯನ್ನು ಮಗಳ ಕೈಗೆ ಕೊಟ್ಟಳಲ್ಲ, ಆಗ ಬಂದ ಸಿಟ್ಟೇ ಬೇರೆ.

“ಭುಜಕ್ಕೆ ಏನಾಯ್ತೇ?”

“ಏನಿಲ್ಲ ರೀ, ಸ್ವಲ್ಪ ಹಿಡ್ಕೊಂಡಿದೆ,” ಎಂದವಳೇ ಚಪ್ಪಲಿ ಮೆಟ್ಟಿ ತೋಟಕ್ಕೆ ಹೊರಟುಬಿಟ್ಟಳು.

ತೋಟವೆಂದರೆ ಮುಚ್ಚಿಹೋದ ನೂಲಿನ ಗಿರಣಿಯ ಹಿತ್ತಿಲು. ನೂರು ವರ್ಷದ ಹಿಂದೆ ಗಿರಣಿಯವರು ಅಲ್ಲಿ ಹೇಗೆ ಕಾಯಿಪಲ್ಲೆ ಬೆಳೆಯುತ್ತಿದ್ದರೋ ಹಾಗೆಯೇ ಬೆಳೆಯಬೇಕೆಂದು ಊರಿನ ಕೆಲವರು ಸಂಬಳ ಗಿಂಬಳವಿಲ್ಲದೆ ದುಡಿಯುತ್ತಿದ್ದರು. ಆಗ ಇಲ್ಲದ್ದು ಈಗಲೂ ಒಳಗೆ ಬರಕೂಡದು ಎಂಬುದು ಅವರ ಕಟ್ಟಳೆ. ಪ್ಲಾಸ್ಟಿಕ್ ಇಲ್ಲ, ಪೈಪಿಲ್ಲ, ನಲ್ಲಿಯಿಲ್ಲ. ನೀರೆಲ್ಲ ಬಾವಿಯಿಂದ ಸೇದಿಯೇ ಹಾಕಬೇಕು. ಹೆಂಡತಿಗೆ ಅಲ್ಲೊಂದು ಬದನೆ ಮಡಿ. ಮನೆಯಲ್ಲಿ ಮೂರು ಹೊತ್ತೂ ಅದರದೇ ಮಾತು. ಪಟಾಕಿ ಮಾತ್ರ ಒಮ್ಮೆಯೂ ಅತ್ತ ತಲೆ ಹಾಕಿರಲಿಲ್ಲ. “ಹಳೇ ಸಾಮಾನು ನೋಡೋಕೆ ಅಲ್ಲೀತನಕ ಯಾಕೆ, ನನ್ನ ಅಂಗಡಿಗೇ ಬಾ,” ಎಂದು ಅಣಕಿಸುತ್ತಿದ್ದ.

ಅಂದು ಒಂದು ಪಂಪನ್ನು ಬೈಕಿಗೆ ಬಿಗಿದುಕೊಂಡು ಹೋದ. ಇಲ್ಲಾ ಪಂಪು ಕೂರಿಸಬೇಕು, ಇಲ್ಲಾ ಇವಳನ್ನು ತೋಟ ಬಿಡಿಸಬೇಕು.

ಒಳಗೆ ತೋಟ ನೋಡಲು ಬಂದವರ ಗುಂಪು ನೆರೆದಿತ್ತು. ಹಳೇ ಕಾಲದ ಕರಿ ಕೋಟು ತೊಟ್ಟ ತೋಟದ ಸಂಘದ ಕಾರ್ಯದರ್ಶಿ ಮೈಕು ಹಿಡಿದಿದ್ದ. ಬಾವಿಕಟ್ಟೆಯ ಮೇಲೆ ಇವನ ಹೆಂಡತಿ ತುಟಿ ಕಚ್ಚಿಕೊಂಡು ಕಬ್ಬಿಣದ ಬಕೆಟ್ಟು ಸೇದುತ್ತಿದ್ದಳು.

“ನೋಡಿ, ಆ ಕಾಲದ ಹೆಂಗಸರು ಹೀಗೇ ಸೇದ್ತಿದ್ರು,” ಎಂದು ಕಾರ್ಯದರ್ಶಿ ಬೆರಳು ತೋರಿಸಿದ. ಜನ ಫೋಟೋ ಹೊಡೆದರು.

ಪಟಾಕಿಗೆ ಕಿಡಿ ತಗುಲಿತು. “ಆ ಕಾಲದ ಗಂಡಸ್ರು ಏನ್ ಮಾಡ್ತಿದ್ರು ಸ್ವಾಮಿ? ಕೋಟು ಹಾಕ್ಕೊಂಡು ಬೆರಳು ತೋರಿಸ್ತಿದ್ರಾ?”

ಯಾರೋ ಕಿಸಕ್ಕನೆ ನಕ್ಕರು.

“ಯಾರ್ರೀ ನೀವು?”

“ಬಕೆಟ್ ಎತ್ತೋಳ ಗಂಡ. ಗೇಟಿನ ಹತ್ರ ಪಂಪು ಇದೆ, ಈಗ್ಲೇ ಕೂರಿಸ್ತೀನಿ.”

“ಪಂಪು ಆಗಲ್ಲ. ಕಟ್ಟಳೆ ಇದೆ.”

“ಮತ್ತೆ ಆ ಮೈಕು ನಿಮ್ಮ ಮುತ್ತಜ್ಜನದಾ?”

ಅಷ್ಟರಲ್ಲಿ ಹೆಂಡತಿ ಬಕೆಟ್ಟು ಕುಕ್ಕಿ ಇಳಿದು ಬಂದಳು. “ಪಂಪು ಒಳಗೆ ಬಂದ್ರೆ ನಾನೇ ಬಾವಿಗೆ ಎತ್ತಿ ಹಾಕ್ತೀನಿ! ಗಿರಣಿ ಕೆಲಸಕ್ಕಿದ್ದಾಗ ನಮ್ಮಜ್ಜಿ ಸೇದಿದ ಬಾವಿ ಇದು. ಆ ಕಟ್ಟಳೆ ಬೇಕು ಅಂತ ಹಟ ಹಿಡಿದೋಳೇ ನಾನು.”

ಪಟಾಕಿ ಗೇಟಿನ ಕಡೆ ಒಮ್ಮೆ, ಅವಳ ಭುಜದ ಕಡೆ ಒಮ್ಮೆ ನೋಡಿದ. “ಹಂಗಾದ್ರೆ ಒಬ್ಳೇ ಯಾಕೆ ಸಾಯ್ತೀಯ?”

“ಮೊದ್ಲು ಎಲ್ರೂ ಸೇದ್ತಿದ್ರು. ಕೈ ಬೊಬ್ಬೆ ಬಂದ್ಮೇಲೆ ಒಬ್ಬೊಬ್ರೇ ಜಾರಿಕೊಂಡ್ರು. ಬಿಸಿಲಿಗೆ ಗಿಡ ಬಾಡ್ತಿರುವಾಗ ನಾನು ಸುಮ್ನಿರ್ಲಾ? ನಿಮ್ಗೆ ಹೇಳಿದ್ರೆ ತೋಟ ಬಿಡು ಅಂತಿದ್ರಿ.”

ಅದನ್ನೇ ಹೇಳಲು ಬಂದಿದ್ದ. ಆ ಮಾತನ್ನು ಅಲ್ಲಿಗೇ ಬಿಟ್ಟ. ಸಿಟ್ಟನ್ನು ಮಾತ್ರ ಬಿಡದೆ ಕರಿ ಕೋಟಿನ ಕಡೆ ತಿರುಗಿಸಿದ.

“ಸರಿ. ಪಂಪು ಬೇಡ. ಕಟ್ಟಳೆ ಎಲ್ರದೂ ಅಲ್ವಾ? ಹಗ್ಗವೂ ಎಲ್ರದೇ. ಬಿಚ್ಚಿ ಕೋಟು!”

ಅಷ್ಟು ಜನರ ಮುಂದೆ ಕಾರ್ಯದರ್ಶಿ ಇನ್ನೇನು ಮಾಡಿಯಾನು? ಕೋಟು ಕಳಚಿ ಹಗ್ಗ ಹಿಡಿದ. ಬಕೆಟ್ಟು ಮೇಲೆ ಬರುವಷ್ಟರಲ್ಲಿ ಅರ್ಧ ನೀರು ಬಾವಿಗೇ ವಾಪಸ್ಸು.

“ನೀವು ನೋಡ್ತಾ ನಿಂತಿದ್ದೀರಲ್ಲ, ನಿಮ್ಮ ಕೈಗೇನು ಮೆಹಂದಿ ಹಚ್ಚಿದೆಯಾ?” ಎಂದಳು ಹೆಂಡತಿ. ಪಟಾಕಿ ಗೊಣಗುತ್ತಾ ಅಂಗಿಯ ತೋಳು ಮಡಚಿದ.

ಈಗ ಪ್ರತಿ ಭಾನುವಾರ ಅವನು ಬಾವಿಕಟ್ಟೆಯ ಮೇಲಿರುತ್ತಾನೆ. ಹೆಂಡತಿ ಮಡಿಯ ಪಕ್ಕ ಕೂತು ಎಡಗೈಯಲ್ಲಿ ಕಳೆ ಕೀಳುತ್ತಾ, “ರಪ್ ಅಂತ ಸುರೀಬೇಡಿ, ಬುಡ ಕೊಚ್ಚಿಹೋಗುತ್ತೆ,” ಎಂದು ಗದರುತ್ತಾಳೆ.

“ಸೇದೋದೂ ನಾನೇ, ಬೈಸಿಕೊಳ್ಳೋದೂ ನಾನೇ,” ಎನ್ನುತ್ತಾ ಅವನು ಹಗ್ಗ ಬಿಗಿಹಿಡಿದು, ಮೆಲ್ಲಗೆ ನೆರಳಿಗೆ ಸರಿಯುತ್ತಿರುವ ಕಾರ್ಯದರ್ಶಿಯನ್ನು ಓಣಿಗೆಲ್ಲ ಕೇಳುವ ಹಾಗೆ ಕೂಗಿ ಕರೆಯುತ್ತಾನೆ.